ತೊಗರಿಯ ನೆಟೆ ರೋಗ: ಬೇರು ಸೀಳಿ ನೋಡಿ, ಬಿತ್ತುವ ಮೊದಲೇ ತಡೆಯಿರಿ

ಹೂ-ಕಾಯಿ ಹೊತ್ತಿಗೆ ಬಾಡುವ ತೊಗರಿಯೆಲ್ಲ ನೆಟೆಯಲ್ಲ. ಒಣಗಿದ ಗಿಡವನ್ನು ಕೀಳಬೇಡಿ, ಅಗೆದು ತೆಗೆಯಿರಿ. ಕಿತ್ತರೆ ಬೇರು ತುಂಡಾಗಿ ಗುರುತೆಲ್ಲ ಮಣ್ಣಲ್ಲೇ ಉಳಿದುಬಿಡುತ್ತದೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿದೆಯೇ? ಕಾಂಡವನ್ನು ಉದ್ದಕ್ಕೆ ಸೀಳಿ; ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಅದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ತರುವ ನೆಟೆ. ಒಂದೇ ಮಗ್ಗುಲಿನ ಕೊಂಬೆ ಒಣಗಿದ್ದರೂ ಸೀಳಿ ನೋಡಿ.

ಬೇರು ಲಟಕ್ಕನೆ ಮುರಿದು, ಸಿಪ್ಪೆಯಡಿ ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಅದು ಒಣ ಬೇರು ಕೊಳೆ. ಬಿಸಿಲು ಏರಿ ತೇವ ಆರಿದಾಗ ಇದು ಜೋರು. ನೀರು ನಿಂತ ತಗ್ಗಿನಲ್ಲಿ ಎಳೆ ಗಿಡಗಳು ಕಾಂಡದ ಮೇಲೆ ಕಂದು ಮಚ್ಚೆ ಎದ್ದು ಮುರಿದು ಬಿದ್ದರೆ ಅದು ಫೈಟಾಫ್ತೊರಾ ಎಂಬ ರೋಗ. ಅದಕ್ಕೆ ಬಸಿಗಾಲುವೆಯೇ ಮೊದಲ ಮದ್ದು.

ನೆಟೆಯ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಹಾಗಾಗಿ ಬಾಡಿದ ಮೇಲೆ ಎಲೆಗೆ ಔಷಧಿ ಹೊಡೆಯುವುದು ದುಡ್ಡು ದಂಡ. ಸತ್ತ ಬೇರು, ಕೂಳೆಗಳಲ್ಲಿ ಅದು ಸುಮಾರು 3 ವರ್ಷ ಜೀವ ಹಿಡಿದಿರುತ್ತದೆ. ಕೆಂಪು ಮಣ್ಣಿಗಿಂತ ಎರೆಮಣ್ಣಿನಲ್ಲಿ, ಒಂದು ವರ್ಷದ ಬೆಳೆಗಿಂತ ಕೂಳೆ ಬಿಟ್ಟ ತೊಗರಿಯಲ್ಲಿ ಹಾನಿ ಹೆಚ್ಚು. ಬೇಗ ಬಿತ್ತಿ ಸೊಂಪಾಗಿ ಬೆಳೆದ ಬೆಳೆಗೂ ಇದು ಚೆನ್ನಾಗಿಯೇ ತಗಲುತ್ತದೆ. ಹಾಗಾಗಿ ಹಸಿರು ನೋಡಿ ನಿಶ್ಚಿಂತರಾಗಬೇಡಿ.

ಕಳೆದ ಬಾರಿ ನೆಟೆ ಬಿದ್ದ ಹೊಲಕ್ಕೆ 3 ವರ್ಷ ತೊಗರಿ ಬೇಡ, ಜೋಳ ಬಿತ್ತಿ. ಬಿಡಲಾಗದಿದ್ದರೆ ಒಂದು ಸಾಲು ತೊಗರಿಗೆ ಎರಡು ಸಾಲು ಜೋಳ ಹಾಕಿ. ಜೋಳದ ಜೊತೆ ಬೆಳೆದಾಗ ನೆಟೆ ಇಳಿಯುತ್ತದೆ.

ತಳಿಯ ಆಯ್ಕೆ ಇನ್ನೂ ಮುಖ್ಯ. ಮಾರುತಿ, ಆಶಾ, ಟಿಎಸ್-3ಆರ್ ನೆಟೆ ತಡೆಯುವಂಥವು. ಮಾರುತಿ, ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗಕ್ಕೆ ಸೋಲುತ್ತದೆ, ಆಶಾ ಎರಡನ್ನೂ ತಡೆಯುತ್ತದೆ. ಆದರೆ ತೊಗರಿಯಲ್ಲಿ ಜೇನುನೊಣಗಳಿಂದ ಅಡ್ಡ ಪರಾಗಸ್ಪರ್ಶ ಆಗುತ್ತದೆ. ಮನೆಯ ಬೀಜವನ್ನೇ ವರ್ಷಗಟ್ಟಲೆ ಬಿತ್ತಿದರೆ ಪಕ್ಕದ ಹೊಲದ ತಳಿ ಬೆರೆತು ರೋಗ ತಡೆಯುವ ಗುಣ ಸೋರಿಹೋಗುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಪ್ರಮಾಣಿತ ಬೀಜ ತನ್ನಿ.

ಎಕರೆಗೆ 1 ಕಿಲೋ ಟ್ರೈಕೋಡರ್ಮಾವನ್ನು (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಹಸಿ ಗೋಣಿ ಮುಚ್ಚಿ 15 ದಿನ ಇಡಿ. ನಡುವೆ ಒಮ್ಮೆ ತಿರುವಿ ಹಾಕಿ, ಬಿತ್ತನೆ ಹೊತ್ತಿಗೆ ತೇವವಿರುವ ಮಣ್ಣಿಗೆ ಕೊಡಿ; ಒಣ ಮಣ್ಣಿಗೆ ಚೆಲ್ಲಿದರೆ ಬೆಳೆಯುವುದಿಲ್ಲ. ಕಿಲೋ ಬೀಜಕ್ಕೂ 4 ಗ್ರಾಂ ಲೇಪಿಸಿ ನೆರಳಲ್ಲಿ ಆರಿಸಿ. ಅದೇ ಬೀಜಕ್ಕೆ ಶಿಲೀಂಧ್ರನಾಶಕ ಕಾರ್ಬೆಂಡಜಿಂ ಸವರಬೇಡಿ, ಟ್ರೈಕೋಡರ್ಮಾವನ್ನೇ ಅದು ಕೊಲ್ಲುತ್ತದೆ.

ಈ ವರ್ಷ ಬಾಡಿದ ಜಾಗಗಳಿಗೆ ಈಗಲೇ ಗೂಟ ನೆಟ್ಟು ಗುರುತು ಮಾಡಿ. ಕೊಯ್ಲಾದ ಮೇಲೆ ಅಲ್ಲಿನ ಬೇರನ್ನೆಲ್ಲ ಅಗೆದು ಹೊಲದಾಚೆ ಸುಡಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ರೋಗ ಮತ್ತೆ ಹೊಲ ಸೇರುತ್ತದೆ.