ಹಲ್ಲು ಕೀಳಿಸಿದ್ದೀರಾ? ಮಲಗುವ ಕೋಣೆಗೂ ಒಂದಿಷ್ಟು ಪಥ್ಯ

ಹಲ್ಲು ಕೀಳಿಸಿದಾಗ ಡಾಕ್ಟರು ಪಥ್ಯದ ಪಟ್ಟಿಯನ್ನೇ ಕೊಡುತ್ತಾರೆ. ಬಿಸಿ ಕಾಫಿ ಬೇಡ, ಜೋರಾಗಿ ಮುಕ್ಕಳಿಸಬೇಡಿ, ಎಳನೀರನ್ನು ಸ್ಟ್ರಾ ಹಾಕಿ ಕುಡಿಯಬೇಡಿ. ಓರಲ್ ಸೆಕ್ಸ್ ಬಗ್ಗೆ ಮಾತ್ರ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆಮೇಲೆ ಮಧ್ಯರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾ ಕೂರುತ್ತೇವೆ, ಅಲ್ವಾ?

ಮೊದಲು ಗಾಯ ನೋಡಿಕೊಳ್ಳಿ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಗಾಯಕ್ಕೆ ಅದೇ ಮುಚ್ಚಳ. ಚೀಪಿದರೆ ಅದು ಕಿತ್ತುಬರಬಹುದು. ಬಂತೋ, ಒಳಗಿನ ಮೂಳೆ ತೆರೆದುಕೊಂಡು ಕಿವಿಯವರೆಗೂ ನೋವು. ಸ್ಟ್ರಾ ಬೇಡ ಅನ್ನುವುದು ಇದಕ್ಕೇ. ಓರಲ್ ಸೆಕ್ಸ್‌ಗೂ ಅದೇ ಲೆಕ್ಕ. ಗಾಯದ ಮೇಲೆ ಒಸಡು ಕೂಡಿಕೊಳ್ಳಲು ಒಂದೆರಡು ವಾರ ಬೇಕು. ಹಲ್ಲು ಕ್ಲೀನ್ ಮಾಡಿಸಿದ್ದರೆ ಒಂದೆರಡು ದಿನ ಸಾಕು.

ಅಷ್ಟು ದಿನ ಕಳೆದ ಮೇಲೆ ಹಲ್ಲುಜ್ಜಿ ಬಿಳಿ ಸಿಂಕಿಗೆ ಉಗಿದು ನೋಡಿ. ನೊರೆಯಲ್ಲಿ ಗುಲಾಬಿ ಎಳೆ ಕಂಡರೆ ಇನ್ನೂ ಕಾಯಿರಿ. ಕಾಣದಿದ್ದರೂ ಎಲ್ಲ ಸರಿಯಾಯಿತು ಅಂತಲ್ಲ. ಕೆಲವು ಸೋಂಕುಗಳಿಗೆ ಗಾಯವೇ ಬೇಕಿಲ್ಲ.

ಎಲ್ಲರ ಹೆದರಿಕೆ ಎಚ್‌ಐವಿ. ಓರಲ್ ಸೆಕ್ಸ್‌ನಿಂದ ಅದು ಬರುವುದು ತೀರಾ ಅಪರೂಪ. ರಕ್ತ ಒಸರುವ ಬಾಯಿ ಇದ್ದರೆ ಅಪಾಯ ಸ್ವಲ್ಪ ಹೆಚ್ಚುತ್ತದೆ. ನನ್ನ ಕೇಳಿದರೆ ಸಿಫಿಲಿಸ್, ಗೊನೊರಿಯಾ, ಹರ್ಪಿಸ್ ಕಡೆ ಜಾಸ್ತಿ ಗಮನ ಕೊಡಬೇಕು. ಇವು ಬಾಯಿಯ ಮೂಲಕ ಸಲೀಸಾಗಿ ದಾಟುತ್ತವೆ. ಸಿಫಿಲಿಸ್ ಹುಣ್ಣು ಕಾಣಿಸಿಕೊಳ್ಳಲು 10ರಿಂದ 90 ದಿನ ಹಿಡಿಯಬಹುದು. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ‘ಹಲ್ಲು ತೆಗೆಸಿದ್ದು ಇನ್ನೂ ಮಾಯ್ದಿಲ್ಲ’ ಅಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ.

ಕಾಯುವುದು ಕಷ್ಟ ಅನ್ನುವವರಿಗೆ ಕಾಂಡೋಮ್ ಇದೆ. ಗಾಯ ಮಾಯುವವರೆಗೆ ಕಾಯುವುದೇ ಮೇಲು, ಆ ಮಾತು ಬೇರೆ. ಹೆಣ್ಣಿನ ಭಾಗಕ್ಕೆ ಅಡ್ಡ ಇಡಲು ತೆಳು ರಬ್ಬರ್ ಹಾಳೆ ಬೇಕು. ಇದರ ಮೂಲವೂ ಹಲ್ಲಿನ ಕ್ಲಿನಿಕ್ಕೇ! ರೂಟ್ ಕೆನಾಲ್ ಮಾಡುವಾಗ ಬಾಯಿಗೆ ಹೊದಿಸುತ್ತಾರಲ್ಲ, ಆ ಹಾಳೆಯನ್ನು 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯರೊಬ್ಬರು ಬಳಕೆಗೆ ತಂದರು. ಅಂಗಡಿಯಲ್ಲಿ ಸಿಗದಿದ್ದರೆ ಕಾಂಡೋಮ್ ಬಿಡಿಸಿ, ತುದಿ ಮತ್ತು ಬಾಯಿಯ ಉಂಗುರ ಕತ್ತರಿಸಿ, ಉದ್ದಕ್ಕೆ ಸೀಳಿ ಹರಡಿ. ಹಾಳೆ ಸಿದ್ಧ. ಓರಲ್ ಸೆಕ್ಸ್‌ಗೆ ಸ್ವಲ್ಪ ಮುಂಚೆ ಹಲ್ಲುಜ್ಜಬೇಡಿ, ದಾರ ಹಾಕಿ ಸಂದು ತಿಕ್ಕಬೇಡಿ. ಒಸಡು ಗೀರಿಕೊಳ್ಳುತ್ತದೆ.

ಈಗಾಗಲೇ ಆಗಿಹೋಗಿದ್ದರೆ? ಬಾಯಿ ತಿಕ್ಕಿ ತೊಳೆಯುವ ಹಟ ಬೇಡ. ಸಂಗಾತಿಗೆ ಎಚ್‌ಐವಿ ಇದೆ ಎಂದು ಗೊತ್ತಿದ್ದು, ನಿಮ್ಮ ಗಾಯದಿಂದ ರಕ್ತ ಬರುತ್ತಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ. ಆದಷ್ಟು ಬೇಗ ಹೋದಷ್ಟೂ ಒಳ್ಳೆಯದು. ಬೇಕೆನಿಸಿದರೆ ಎಚ್‌ಐವಿ ತಡೆಯುವ 28 ದಿನದ ಮಾತ್ರೆ ಕೊಡುತ್ತಾರೆ. ಮೂರು ದಿನ ಕಳೆದರೆ ಆ ದಾರಿ ಮುಚ್ಚಿದ ಹಾಗೆ.

ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಉಚಿತ. ವಿಷಯ ಗುಟ್ಟಾಗಿರುತ್ತದೆ. ಆದರೆ ಪರೀಕ್ಷೆಗೆಂದು ಮಾರನೇ ದಿನವೇ ಓಡಿದರೆ ಫಲವಿಲ್ಲ. ಪರೀಕ್ಷೆಯ ಬಗೆ ನೋಡಿ 45ರಿಂದ 90 ದಿನದಲ್ಲಿ ಖಚಿತ ಉತ್ತರ ಸಿಗುತ್ತದೆ. ಗಂಟಲಿನ ಗೊನೊರಿಯಾ ಮೂತ್ರ ಪರೀಕ್ಷೆಯಲ್ಲಿ ಸಿಗುವುದಿಲ್ಲ. ನಾಚಿಕೆ ಬಿಟ್ಟು, “ಡಾಕ್ಟ್ರೇ, ಗಂಟಲಿನಿಂದಲೂ ಸ್ಯಾಂಪಲ್ ತಗೊಳ್ಳಿ” ಅನ್ನಿ. ಎದುರಿಗೆ ಹೇಳಲು ಬಾಯಿ ಬರದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಹೆಸರು ಹೇಳಬೇಕಾಗಿಲ್ಲ.