ಮನೆ ಒಡೆಯುವ ಮೊದಲೇ ಫಲಕದ ಹಕ್ಕು ಕೊಂಡದ್ದು: ನನ್ನ ಅನುಭವ

ಮಂಗಳೂರಿನಲ್ಲಿ ಹಳೆ ಮನೆ ಸಾಮಾನಿನ ವ್ಯಾಪಾರ ಮಾಡುವವರಿಗೆ ಬಾಗಿಲು, ಕಂಬ, ಮುಚ್ಚಿಗೆ, ಹಂಚುಗಳ ಬೆಲೆ ಬಾಯಿಪಾಠವಿದೆ. ಇಂಥವರು ಇಲ್ಲಿ ಹುಟ್ಟಿದರು, ಬಾಳಿದರು ಎಂದು ಬರೆದು ಗೋಡೆಯಲ್ಲಿ ಕೂರಿಸಿದ ಸ್ಮಾರಕ ಫಲಕಕ್ಕೆ ಮಾತ್ರ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಅಮೃತಶಿಲೆಯದಾದರೆ ಐನೂರು ರೂಪಾಯಿ, ಹಿತ್ತಾಳೆಯದಾದರೆ ಗುಜರಿಯ ತೂಕ, ಅಷ್ಟೇ. ಮನೆ ಒಡೆಯುವ ಮೊದಲೇ ಕುಟುಂಬಕ್ಕೆ ಹಣ ಕೊಟ್ಟು, ಪಾಲುದಾರರೆಲ್ಲರ ಸಹಿ ಪಡೆದು, ಫಲಕದ ಹಕ್ಕನ್ನು ಬರೆಸಿಕೊಳ್ಳುತ್ತೇನೆ ಎಂದಾಗ ಜೊತೆಯವರು ಒಂದು ಕಲ್ಲಿಗೆ ಇಷ್ಟು ಕಾಗದ ಬೇಕೇ ಎಂದು ಕೇಳಿದರು. ಆ ಕಾಗದಗಳಿಂದಾಗಿಯೇ ಇಂದು ನನ್ನ ಫಲಕಗಳಿಗೆ ಬೆಲೆ ಬರುತ್ತಿದೆ, ಮತ್ತು ಈ ಕ್ರಮಕ್ಕೆ ಬಂದ ಮೇಲೆ ಮಾರಿದ ಒಂದು ಫಲಕವೂ ತಕರಾರಿನಿಂದ ಹಿಂದಿರುಗಿಲ್ಲ.

ಜಗಳವೆಲ್ಲ ಇರುವುದು ಫಲಕ ಯಾರದು ಎಂಬಲ್ಲಿ. ಗೋಡೆಯಲ್ಲಿ ಭದ್ರವಾಗಿ ಕೂತಿರುವವರೆಗೆ ಅದು ಮನೆಯ ಭಾಗ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಜೊತೆಗೇ ಹೋಗುತ್ತದೆ. ಆದರೆ ಕಳಚಿ ಕೊಡುವುದಾಗಿ ಮೊದಲೇ ಒಪ್ಪಂದವಾದರೆ 1930ರ ಸರಕು ಮಾರಾಟ ಕಾಯ್ದೆ ಅದನ್ನು ಸರಕೆಂದೇ ಪರಿಗಣಿಸುತ್ತದೆ. ನನ್ನ ವ್ಯವಹಾರ ನಿಂತಿರುವುದು ಈ ಸಂದಿಯಲ್ಲಿ. ಬಿಲ್ಡರ್ ಜೊತೆಗಿನ ಕರಾರಿಗೆ ಸಹಿ ಬೀಳುವ ಮೊದಲೇ ಮನೆಯವರು ನನಗೆ ಬರೆದುಕೊಡಬೇಕು. ಆಮೇಲೆ ಹೋದರೆ ಒಡೆಯುವ ಗುತ್ತಿಗೆದಾರ ಹಳೆ ಸಾಮಾನೆಲ್ಲ ತನ್ನದೆನ್ನುತ್ತಾನೆ, ಬಿಲ್ಡರ್ ತನ್ನದೆನ್ನುತ್ತಾನೆ, ಮನೆಯವರು ಮೂರನೆಯವರಾಗುತ್ತಾರೆ. ಫಲಕವನ್ನು ಯಾವುದಾದರೂ ಸಂಘ ಹಾಕಿಸಿದ್ದರೆ ಅದರ ಅಧ್ಯಕ್ಷರಿಂದಲೂ ಆಕ್ಷೇಪವಿಲ್ಲವೆಂಬ ಪತ್ರ ಪಡೆಯುತ್ತೇನೆ, ಏಕೆಂದರೆ ಗೋಡೆ ಮನೆಯವರದಾದರೂ ಗೌರವ ಸಲ್ಲಿಸಿದವರು ಸಂಘದವರು.

ಸಹಿ ಸಂಗ್ರಹಿಸುವುದರಲ್ಲೇ ಹೆಚ್ಚು ಹಣ ಹೋಗುತ್ತದೆ. ಫಳ್ನೀರ್ ಕಡೆಯ ಒಂದು ಮನೆಗೆ ಹದಿನೈದು ಸಾವಿರ ಮುಂಗಡ ಕೊಟ್ಟು, ಇಲ್ಲಿದ್ದ ಅಣ್ಣತಮ್ಮಂದಿರ ಸಹಿಯಾದ ಮೇಲೆ ಗಲ್ಫಿನಲ್ಲಿದ್ದ ತಂಗಿಯ ಕಡೆಯಿಂದ ವಕೀಲರ ನೋಟಿಸ್ ಬಂತು. ಮುಂಗಡ ಹಿಂದೆ ಬರಲು ಒಂದು ಮಳೆಗಾಲ ಕಳೆಯಿತು, ವಕೀಲರಿಗೆ ಏಳೆಂಟು ಸಾವಿರ ಹೋಯಿತು, ಅಷ್ಟರಲ್ಲಿ ಫಲಕ ಕಲ್ಲುಮಣ್ಣಿನ ಲಾರಿಯಲ್ಲಿ ಹೋಗಿಬಿಟ್ಟಿತು. ಉಡುಪಿ ಕಡೆಯ, ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಯಜಮಾನರ ಒಬ್ಬರ ಸಹಿ ಸಾಲದು. ಕವರುವಾರು, ಅಂದರೆ ಕುಟುಂಬದ ಪ್ರತಿ ಕವಲಿನ ಒಪ್ಪಿಗೆ ಬೇಕು, ವಿಭಾಗಪತ್ರವಿದ್ದರೆ ಮನೆ ಯಾರ ಪಾಲಿಗೆ ಬಂದಿದೆ ಎಂದು ನೋಡಬೇಕು. ದೂರದ ಪಾಲುದಾರರನ್ನು ಹುಡುಕಲು ನನ್ನದೇ ಒಂದು ದಾರಿಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ; ದೈವದ ಕೋಲಕ್ಕೆ ಊರಿಗೆ ಬರದವರು ಕಡಿಮೆ ಎಂದಷ್ಟೇ ಹೇಳುತ್ತೇನೆ.

ಕಳಚುವ ಕೆಲಸದಲ್ಲಿ ನಮ್ಮವರು ಫಲಕದ ಅಂಚಿಗೇ ಉಳಿ ಹಾಕುತ್ತಾರೆ. ನಾನು ಫಲಕದಿಂದ ಗೋಡೆಯನ್ನು ಬಿಡಿಸುತ್ತೇನೆ. ಹೇಗೂ ಒಡೆಯುವ ಮನೆಯಾದ್ದರಿಂದ ಒಳಗಿನ ಕೋಣೆಯಿಂದ ಮುರಕಲ್ಲನ್ನು ಒಂದೊಂದಾಗಿ ತೆಗೆದು, ಕೊನೆಯ ಎರಡು ಇಂಚು ಉಳಿದಾಗ ಸುಣ್ಣದ ಗಾರೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಕು. ಹಿಂದಿನ ಕಬ್ಬಿಣದ ಕೊಕ್ಕೆಗಳೇ ನಿಜವಾದ ಶತ್ರುಗಳು. ಕಡಲ ಗಾಳಿಗೆ ತುಕ್ಕು ಹಿಡಿದು ಉಬ್ಬಿದ ಕೊಕ್ಕೆ ಅಮೃತಶಿಲೆಯನ್ನು ಒಳಗಿನಿಂದಲೇ ಸೀಳಿರುತ್ತದೆ, ಹೊರಗೆ ಕೂದಲೆಳೆಯಷ್ಟು ಗೆರೆ ಮಾತ್ರ ಕಾಣುತ್ತದೆ. ಬಿಜೈಯ ಒಂದು ಫಲಕ ಹೀಗೆಯೇ ಕೈಗೆ ಬರುವಾಗ ಮೂರು ತುಂಡಾಯಿತು. ಇಪ್ಪತ್ತು ಸಾವಿರದ ಹತ್ತಿರ ನಷ್ಟ. ಅಂದಿನಿಂದ ಮುಂಭಾಗಕ್ಕೆ ಬಟ್ಟೆ ಅಂಟಿಸಿ ಹಲಗೆಯ ಆಸರೆ ಕೊಡದೆ ಒಂದು ಕಲ್ಲನ್ನೂ ಅಲುಗಿಸುವುದಿಲ್ಲ. ಅಂಟು ಯಾವುದೆಂಬುದು ನನ್ನಲ್ಲೇ ಇರಲಿ. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಹಚ್ಚುವವರಿದ್ದಾರೆ. ಕಲೆಯ ಜೊತೆಗೆ ಅಮೃತಶಿಲೆಯ ಹೊಳಪೂ ಹೋಗುತ್ತದೆ. ಹಿತ್ತಾಳೆಯನ್ನು ಪಾಲಿಶ್ ಮಾಡಬೇಡಿ, ಪ್ರತಿ ಸಲ ತಿಕ್ಕಿದಾಗಲೂ ಅಕ್ಷರದ ಅಂಚು ಸವೆಯುತ್ತದೆ.

ವಯಸ್ಸಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. 1972ರ ಪುರಾತನ ವಸ್ತುಗಳ ಕಾಯ್ದೆ ಕಟ್ಟಡದಿಂದ ಬೇರ್ಪಡಿಸಿದ ವಸ್ತುವನ್ನೂ ಶಾಸನವನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ನೂರು ವರ್ಷ ದಾಟಿದರೆ ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಕೊರೆದ ಇಸವಿ ಮೋಸ ಮಾಡುತ್ತದೆ. 1874ರಲ್ಲಿ ಇಲ್ಲಿ ಜನಿಸಿದರು ಎಂದಿದ್ದರೆ ಅದು ವ್ಯಕ್ತಿಯ ವಯಸ್ಸು. ಫಲಕವನ್ನು ಶತಮಾನೋತ್ಸವಕ್ಕೆಂದು 1974ರಲ್ಲಿ ಹಾಕಿಸಿರಬಹುದು. ಊರಿನ ಹೆಸರಿನ ಕೆಳಗೆ ಮದ್ರಾಸ್ ಪ್ರಾಂತ್ಯವೆಂದಿದ್ದರೆ ಅದು ರಾಜ್ಯ ಮರುವಿಂಗಡಣೆಯ 1956ಕ್ಕಿಂತ ಹಿಂದಿನದೆಂದು ಊಹಿಸಬಹುದು. ನೂರು ದಾಟಿದ್ದನ್ನು ನಾನು ಕೊಳ್ಳುವುದಿಲ್ಲ. ಕಳಚಿದ ಕೂಲಿಯಷ್ಟೇ ಪಡೆದು, ವಸ್ತುಸಂಗ್ರಹಾಲಯಕ್ಕೆ ಕೊಡಿ ಎಂದು ಕುಟುಂಬದವರಿಗೆ ಹೇಳುತ್ತೇನೆ.

ಲಂಡನ್ನಿನಲ್ಲಿ 1867ರಲ್ಲಿ ಹಾಕಿದ ಮೊದಲ ಫಲಕ ಕವಿ ಬೈರನ್ ಹುಟ್ಟಿದ ಮನೆಯ ಮೇಲಿತ್ತು. 1889ರಲ್ಲಿ ಆ ಮನೆ ಒಡೆದಾಗ ಅದೂ ಹೋಯಿತು. ನಮ್ಮಲ್ಲಿ ಹಾಗಾಗಬಾರದೆಂದು ಹೊಸ ಕಟ್ಟಡದ ಗೇಟಿಗೆ ಫಲಕದ ಒಂದು ಪ್ರತಿಯನ್ನು ಕೊಡುತ್ತೇನೆ. ಇದಕ್ಕಾಗಿ ರೆಸಿನ್ ಅಚ್ಚು ಮಾಡಿ ನೋಡಿದೆ, ಎರಡು ಬೇಸಿಗೆಯಲ್ಲಿ ಹಳದಿಯಾಯಿತು. ಹಂಚಿನ ಜೇಡಿಯಲ್ಲಿ ಅಚ್ಚೊತ್ತಿ ಸುಡಿಸಿದೆ. ಒಣಗುವಾಗ ಕುಗ್ಗಿ ಅಕ್ಷರ ಸೊಟ್ಟಗಾದರೂ ಬಣ್ಣ ಬಹಳ ಚೆನ್ನಾಗಿತ್ತು, ಆ ಪ್ರಯೋಗವನ್ನು ಇನ್ನೂ ಬಿಟ್ಟಿಲ್ಲ. ಸದ್ಯಕ್ಕೆ ಕಾರ್ಕಳದ ಕಪ್ಪು ಕಲ್ಲಿನಲ್ಲಿ ಕೈಯಿಂದ ಕೊರೆಸುತ್ತೇನೆ, ನಾಲ್ಕೈದು ಸಾವಿರವಾಗುತ್ತದೆ. ಬಿಲ್ಡರ್‌ಗಳು ಈಗ ತಾವಾಗಿ ನನ್ನನ್ನು ಕರೆಯುವುದಕ್ಕೆ ಈ ಪ್ರತಿಯೂ ಒಂದು ಕಾರಣ.

ಮಾರಾಟದಲ್ಲಿ ಫಲಕದ ಜೊತೆಗೆ ಒಪ್ಪಂದ, ಸಹಿಗಳು, ಗೋಡೆಯಲ್ಲಿದ್ದಾಗಿನ ಚಿತ್ರಗಳು ಹೋಗುತ್ತವೆ. ಕುಟುಂಬಕ್ಕೆ ಹತ್ತರಿಂದ ಹದಿನೈದು, ಕಳಚಲು ಎಂಟು, ಓಡಾಟ ಮತ್ತು ಕಾಗದಕ್ಕೆ ಐದಾರು ಸಾವಿರ ಹೋಗಿ, ಒಳ್ಳೆಯದೊಂದಕ್ಕೆ ನಲವತ್ತರಿಂದ ಅರವತ್ತು ಸಾವಿರದವರೆಗೆ ಬಂದಿದೆ. ಕೊಳ್ಳುವವರು ಹೆಚ್ಚಾಗಿ ಆ ವ್ಯಕ್ತಿಯ ಹೆಸರಿನ ಶಾಲೆಗಳು, ಟ್ರಸ್ಟುಗಳು, ಮುಂಬಯಿಯಲ್ಲಿ ನೆಲೆಸಿದ ಮೊಮ್ಮಕ್ಕಳು. ಹೋಟೆಲಿನ ಅಲಂಕಾರಕ್ಕೆ ಕೇಳಿದವರಿಗೆ ಕೊಟ್ಟಿಲ್ಲ. ಮರುಮಾರಾಟ ಮಾಡುವುದಾದರೆ ಮೊದಲು ಮೂಲ ಕುಟುಂಬವನ್ನು ಅದೇ ಬೆಲೆಗೆ ಕೇಳಬೇಕೆಂಬ ಷರತ್ತನ್ನು ನಾನು ಪ್ರತಿ ಮಾರಾಟ ಪತ್ರದಲ್ಲಿ ಬರೆಸುತ್ತೇನೆ. ಅದಕ್ಕಾಗಿಯೇ ಹಿಂದೆ ಸರಿದವರಿದ್ದಾರೆ, ಅವರಿಗಾಗಿ ಷರತ್ತನ್ನು ಸಡಿಲಿಸಿಲ್ಲ.