ಕೆರೆ ನೀರು ಹಾಲಿನಂತೆ ಕಾಣಬೇಕೇ? ಮೊದಲು ಫೋಕಸ್, ಆಮೇಲೆ ಫಿಲ್ಟರ್

ಹಲಸೂರು ಕೆರೆ ದಂಡೆಯಲ್ಲಿ ಬೆಳಿಗ್ಗೆ ಟ್ರೈಪಾಡ್ ಹೂಡಿ ನಿಂತವರನ್ನು ಆಗಾಗ ನೋಡುತ್ತಿರುತ್ತೇನೆ. ಕ್ಯಾಮೆರಾ ಒಳ್ಳೆಯದೇ, ಲೆನ್ಸೂ ದುಬಾರಿಯದ್ದೇ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೆರೆದರೆ ಮಾತ್ರ ಎಲ್ಲ ಮಸುಕು. ಆಗ ಬೈಗುಳ ಬೀಳುವುದು ಕ್ಯಾಮೆರಾಕ್ಕೆ. ಆದರೆ ಎಡವಟ್ಟು ಆಗಿರುವುದು ಶಟರ್ ಒತ್ತುವ ಮುಂಚಿನ ಎರಡು ನಿಮಿಷದಲ್ಲಿ.

ಲಾಂಗ್ ಎಕ್ಸ್‌ಪೋಷರ್ ಅಂದರೆ ಶಟರನ್ನು ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ತೆರೆದಿಡುವುದು. ನಿಂತಿದ್ದು ಗಟ್ಟಿಯಾಗಿ ಮೂಡುತ್ತದೆ, ಓಡಾಡಿದ್ದು ಕರಗಿ ಹೋಗುತ್ತದೆ. 1838ರಲ್ಲಿ, ಫೋಟೊಗ್ರಫಿಯ ಶುರುವಿನ ದಿನಗಳಲ್ಲಿ, ಲೂಯಿ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದಾಗ ಜನ, ಗಾಡಿ ಎಲ್ಲ ಮಾಯವಾದವು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಕಾಣಿಸಿಕೊಂಡ. ಆಗ ಬೇರೆ ದಾರಿ ಇರಲಿಲ್ಲ. ಈಗ ಅದನ್ನೇ ನಾವು ಬೇಕೆಂದು ಮಾಡುತ್ತಿದ್ದೇವೆ.

ಬೇಕಾದದ್ದು: ಗಟ್ಟಿ ಟ್ರೈಪಾಡ್, ಗುಂಡಿ ಲಾಕ್ ಆಗುವ ರಿಮೋಟ್, ಒಂದು ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು), ಇನ್ನೊಂದು ಬ್ಯಾಟರಿ. 30 ಸೆಕೆಂಡಿನೊಳಗಿನ ಫೋಟೊಗೆ ರಿಮೋಟ್ ಇಲ್ಲದಿದ್ದರೂ ನಡೆಯುತ್ತದೆ, 2 ಸೆಕೆಂಡ್ ಟೈಮರ್ ಸಾಕು.

ಟ್ರೈಪಾಡಿನ ನಡುಗಂಬವನ್ನು ಮೇಲೆತ್ತಬೇಡಿ. ಎತ್ತರ ಬೇಕಿದ್ದರೆ ಕಾಲುಗಳನ್ನೇ ಉದ್ದ ಮಾಡಿ. ಭಾರಕ್ಕೆಂದು ಬ್ಯಾಗ್ ನೇತುಹಾಕುವುದಾದರೆ ಅದು ನೆಲಕ್ಕೆ ತಾಗಿರಲಿ. ಗಾಳಿಗೆ ತೂಗಾಡುವ ಬ್ಯಾಗಿನಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಇನ್ನು ನಮ್ಮ ಸ್ಕೈವಾಕುಗಳು. ಮೇಲಿನಿಂದ ರಸ್ತೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಯಾರಾದರೂ ದಡದಡ ನಡೆದು ಬಂದರೆ ಇಡೀ ಸೇತುವೆ ನಡುಗುತ್ತದೆ. ಫ್ಲೈಓವರೂ ಅಷ್ಟೇ, ಬಸ್ಸು ಹೋದಾಗ ಕಾಲಡಿಯೇ ಗೊತ್ತಾಗುತ್ತದೆ. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಟ್ರೈಪಾಡ್ ಮೇಲೆ ಕೂತಾಗ ಅದು ಇಲ್ಲದ ಅಲುಗಾಟ ಹುಡುಕಿಕೊಂಡು ತಾನೇ ಅಲುಗಾಡುವುದುಂಟು.

ಈಗ ಎಲ್ಲರೂ ಎಡವುವ ಜಾಗ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. 10 ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಎನ್‌ಡಿ1000, ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಅದನ್ನು ಹಾಕಿದ ಮೇಲೆ ಆಟೋ ಫೋಕಸ್ ಕತ್ತಲಲ್ಲಿ ತಡಕಾಡುತ್ತದೆ, ನಿಮ್ಮ ಕಣ್ಣಿಗೂ ಏನೂ ಕಾಣುವುದಿಲ್ಲ. ಹಾಗಾಗಿ ಫಿಲ್ಟರ್ ಇನ್ನೂ ಡಬ್ಬಿಯಲ್ಲಿ ಇರುವಾಗಲೇ ಫ್ರೇಮ್ ಕೂಡಿಸಿ, ಫೋಕಸ್ ಮಾಡಿ. ಫೋಕಸ್ ಆದ ತಕ್ಷಣ ಆಟೋದಿಂದ ಮ್ಯಾನ್ಯುಯಲ್‌ಗೆ ಬದಲಿಸಿ. ಇದನ್ನು ಮರೆತರೆ ಗುಂಡಿ ಒತ್ತಿದಾಗ ಲೆನ್ಸ್ ಮತ್ತೆ ಹುಡುಕಾಟ ಶುರು ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಫೋಕಸ್ ರಿಂಗ್‌ಗೆ ಒಂದು ತುಂಡು ಟೇಪ್ ಅಂಟಿಸುವುದು ನನ್ನ ಅಭ್ಯಾಸ. ಯಾಕೆಂದರೆ ಫಿಲ್ಟರ್ ತಿರುಗಿಸುವಾಗ ರಿಂಗೂ ಒಂಚೂರು ತಿರುಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಫಿಲ್ಟರ್ ಹಾಕುವ ಮೊದಲು ಇನ್ನೊಂದು ಕೆಲಸ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗಿನ ತೂತು) ಎಫ್8 ಅಥವಾ ಎಫ್11 ಇಟ್ಟು ಒಂದು ಸಾದಾ ಫೋಟೊ ತೆಗೆಯಿರಿ. ಬೆಳಕು ಸರಿಯಾಗಿ ಬಂದಿದ್ದರೆ ಅದರ ಶಟರ್ ಸ್ಪೀಡನ್ನು, ಅಂದರೆ ಶಟರ್ ತೆರೆದಿದ್ದ ಹೊತ್ತನ್ನು, ಸಾವಿರದಿಂದ ಗುಣಿಸಿ. 1/30 ಸೆಕೆಂಡು ಇದ್ದರೆ ಸುಮಾರು 33 ಸೆಕೆಂಡು, 1/15ಕ್ಕೆ ಒಂದು ನಿಮಿಷದ ಮೇಲೆ, 1/8ಕ್ಕೆ ಎರಡು ನಿಮಿಷ, 1/4ಕ್ಕೆ ನಾಲ್ಕು. ಹೆಚ್ಚಿನ ಕ್ಯಾಮೆರಾಗಳು ತಾವಾಗಿ 30 ಸೆಕೆಂಡಿಗೆ ನಿಲ್ಲುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದರೆ ಬಲ್ಬ್ ಮೋಡ್ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುತ್ತದೆ), ರಿಮೋಟ್, ಮೊಬೈಲಿನ ಸ್ಟಾಪ್‌ವಾಚ್. ಸಮಯ ಉದ್ದ ಆಗಲೆಂದು ತೂತನ್ನು ತೀರಾ ಚಿಕ್ಕದು ಮಾಡಿ ಎಫ್22ಕ್ಕೆ ಹೋಗಬೇಡಿ, ಚಿತ್ರದ ಚೂಪು ಹೋಗುತ್ತದೆ.

ಈಗ ಫಿಲ್ಟರ್ ಮೆಲ್ಲಗೆ ತಿರುಗಿಸಿ ಹಾಕಿ. ನಿಮ್ಮದು ಕನ್ನಡಿ ಇರುವ ಡಿಎಸ್ಎಲ್ಆರ್ ಆದರೆ ಹಿಂದೆ ಕಣ್ಣಿಡುವ ಕಿಂಡಿಯನ್ನೂ ಮುಚ್ಚಿ. ನಾನು ಇದನ್ನು ಬೆಲೆ ತೆತ್ತು ಕಲಿತೆ. ನಾಲ್ಕು ನಿಮಿಷದ ಚಿತ್ರಗಳಲ್ಲೆಲ್ಲ ನಡುವೆ ಒಂದು ನೇರಳೆ ಪಟ್ಟೆ. ಫಿಲ್ಟರ್ ಕೆಟ್ಟದ್ದೆಂದು ಇನ್ನೊಂದು ಕೊಂಡೆ. ಅದರಲ್ಲೂ ಅದೇ ಪಟ್ಟೆ! ಬೆನ್ನ ಹಿಂದಿನ ಬಿಸಿಲು ಆ ಕಿಂಡಿಯಿಂದ ಒಳಗೆ ನುಗ್ಗುತ್ತಿತ್ತು. ಒಂದು ಕರಿ ಬಟ್ಟೆ ಹೊದಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಮಿರರ್‌ಲೆಸ್ ಇರುವವರಿಗೆ ಈ ತಲೆನೋವಿಲ್ಲ.

ಗುಂಡಿ ಒತ್ತಿ, ಕೈ ಹಿಂದಕ್ಕೆ ತೆಗೆದು ಸುಮ್ನೆ ನಿಲ್ಲಿ.

ಫೋಟೊ ಮುಗಿದ ಮೇಲೂ ಕ್ಯಾಮೆರಾ ಅಲುಗದೆ ಕೂತಿದ್ದರೆ ಹೆದರಬೇಡಿ. ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಅದು ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಒಂದು ಕಪ್ಪು ಚಿತ್ರ ತೆಗೆಯುತ್ತದೆ. ಅದರಲ್ಲಿ ಕಂಡ ಬಿಳಿ, ಕೆಂಪು ಚುಕ್ಕೆಗಳನ್ನು ನಿಮ್ಮ ಫೋಟೊದಿಂದ ಕಳೆಯುತ್ತದೆ. ನಾಲ್ಕು ನಿಮಿಷದ ಫೋಟೊಗೆ ಇನ್ನೂ ನಾಲ್ಕು ನಿಮಿಷ. ಕ್ಯಾಮೆರಾ ಹ್ಯಾಂಗ್ ಆಯ್ತೆಂದು ಬ್ಯಾಟರಿ ಕಿತ್ತವರನ್ನು ನೋಡಿದ್ದೇನೆ, ಫೋಟೊನೂ ಹೋಯಿತು.

ಫಿಲ್ಟರ್ ಕೊಳ್ಳುವವರಿಗೆ ಒಂದು ಮಾತು. ತಿರುಗಿಸಿದಂತೆ ಕಪ್ಪಾಗುವ ಅಗ್ಗದ ವೇರಿಯಬಲ್ ಎನ್‌ಡಿ ಬೇಡವೇ ಬೇಡ. ಅಗಲ ಲೆನ್ಸಿನಲ್ಲಿ ಪೂರ್ತಿ ತಿರುಗಿಸಿದರೆ ಆಕಾಶದ ಮೇಲೆ ದೊಡ್ಡ ಇಂಟು ಗುರುತು ಬೀಳುತ್ತದೆ. ಹಾರ್ಡ್‌ವೇರ್ ಅಂಗಡಿಯ ವೆಲ್ಡಿಂಗ್ ಗಾಜು ಕಟ್ಟುವ ಐಡಿಯಾವೂ ಓಡಾಡುತ್ತಿದೆ. ಹಸಿರು ಬಣ್ಣ ತೊಳೆಯುವುದರಲ್ಲೇ ರಾತ್ರಿ ಕಳೆಯುತ್ತದೆ. ನಿಮ್ಮ ಅತಿ ದೊಡ್ಡ ಲೆನ್ಸಿನ ಅಳತೆಗೆ ಒಂದೇ ಒಂದು ಒಳ್ಳೆಯ ಫಿಲ್ಟರ್ ತೆಗೆದುಕೊಳ್ಳಿ, ಚಿಕ್ಕ ಲೆನ್ಸುಗಳಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿ. ಒಳ್ಳೆಯದೂ ಸ್ವಲ್ಪ ಬಣ್ಣ ಎಳೆಯುತ್ತದೆ, ಹಾಗಾಗಿ ಆಮೇಲೆ ಬಣ್ಣ ಸರಿಪಡಿಸಲು ಸುಲಭವಾಗುವ ರಾ ಫೈಲಿನಲ್ಲೇ ತೆಗೆಯಿರಿ. ಫಿಲ್ಟರೇ ಇಲ್ಲವೇ? ಟ್ರೈಪಾಡ್ ಕದಲಿಸದೆ ಐವತ್ತು, ಅರವತ್ತು ಸಾದಾ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಸರಾಸರಿ ಮಾಡಿ. ಕಳ್ಳದಾರಿಯೇ, ಆದರೆ ನೀರು ನಯವಾಗುತ್ತದೆ.

ಮೋಡ ಎಳೆದಂತೆ ಬರಬೇಕಾದರೆ ಜೂನ್, ಜುಲೈ ಚೆನ್ನ. ಪಡುವಣ ಗಾಳಿಗೆ ಬೆಂಗಳೂರಿನ ಮೋಡ ಓಡುತ್ತಿರುತ್ತದೆ, ಎರಡು ನಿಮಿಷ ಸಾಕು. ಲೆನ್ಸ್ ಒರೆಸುವ ಬಟ್ಟೆ ಮಾತ್ರ ಜೇಬಿನಲ್ಲೇ ಇರಲಿ.

ವಾಹನಗಳ ಬೆಳಕಿನ ಗೆರೆಗೆ ಫಿಲ್ಟರ್ ಬೇಡ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆದ ಮೇಲೆ, ಆಕಾಶದಲ್ಲಿ ನೀಲಿ ಇನ್ನೂ ಇರುವಾಗ ಎಫ್11, 15ರಿಂದ 20 ಸೆಕೆಂಡು. ಆದರೆ ಸಂಜೆ ಏಳಕ್ಕೆ ಹೆಬ್ಬಾಳಕ್ಕೆ ಹೋಗಿ ಗೆರೆ ಬರಲಿಲ್ಲ ಎಂದು ದೂರಬೇಡಿ. ಗೆರೆ ಬರಬೇಕಾದರೆ ಗಾಡಿ ಓಡಬೇಕು ಅಲ್ವಾ? ಭಾನುವಾರ ಸಂಜೆ ದೀಪ ಹಾಕಿದ ವಿಧಾನಸೌಧದ ಮುಂದಿನ ರಸ್ತೆ ನನಗೆ ಇಷ್ಟ. ಟ್ರೈಪಾಡ್ ಫುಟ್‌ಪಾತಿನ ಅಂಚಿಗೆ ಇರಲಿ, ಪೊಲೀಸರು ಬೇಡವೆಂದರೆ ಮಡಚಿಕೊಂಡು ಹೊರಡಿ. ಸಿಗ್ನಲ್ ಹಸಿರಾದ ಮೇಲೆ, ಮೊದಲ ಗಾಡಿ ಫ್ರೇಮಿನೊಳಗೆ ಬರುವ ಮುಂಚೆ ಶಟರ್ ಒತ್ತಿ. ತಡವಾದರೆ ಗೆರೆಗಳು ನಡುವೆಯೇ ಶುರುವಾಗುತ್ತವೆ.

ಮನೆಗೆ ಬಂದ ಮೇಲೆ ಫಿಲ್ಟರ್ ಬಿಗಿದುಕೊಂಡು ಬಿಚ್ಚದಿದ್ದರೆ ಇಕ್ಕಳ ಹುಡುಕಬೇಡಿ. ಅಂಚಿಗೆ ಒಂದು ಅಗಲ ರಬ್ಬರ್ ಬ್ಯಾಂಡ್ ಸುತ್ತಿ, ಅಂಗೈಯಿಂದ ಹಗುರವಾಗಿ ತಿರುಗಿಸಿ. ಒತ್ತಿ ಹಿಡಿದಷ್ಟೂ ಅದು ಹಟ ಮಾಡುತ್ತದೆ.